ಬೆರಳು ಹೋದ ಮೇಲೆ ಬರಬೇಕಾದ ಹಣ

(ಪಾಂಡವಪುರದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾವು ವೇದಿಕೆಗೆ ಬರುವಾಗ ಹಿಂದಿನ ಸಾಲಿನಲ್ಲಿ ಒಬ್ಬರು, "ಮೇಷ್ಟ್ರು ಇವತ್ತು ಕಾಯ್ದೆ ಹೇಳ್ತಾರಂತೆ, ಒಂದು ಕೋಳಿನಿದ್ದೆ ತೆಗೀಬೋದು" ಅಂದದ್ದು ನಮ್ಮ ಕಿವಿಗೆ ಬಿತ್ತು. ಎಂಟು ವರ್ಷ ಮೇಷ್ಟರ ಕೆಲಸ ಮಾಡಿದವರು ನಾವು. ಹಿಂದಿನ ಬೆಂಚಿನ ಮಾತೇ ನಮಗೆ ಮೊದಲು ಕೇಳಿಸುವುದು. ಅಂದವರ ಮೇಲೆ ಬೇಸರವಿಲ್ಲ. ಕಾಯ್ದೆಯ ಭಾಷೆ ನಿದ್ದೆ ಬರಿಸುವಂಥದೇ. ಆದರೆ ಅದನ್ನು ಓದದೆ ನಾವು ಒಂದು ಸಲ ಮಾಡಿದ ಕೆಲಸ ಈಗಲೂ ನಮ್ಮ ನಿದ್ದೆ ಕೆಡಿಸುತ್ತಿದೆ. ಅಲ್ಲಿಂದಲೇ ಶುರು ಮಾಡುತ್ತೇವೆ.

ನಾವಿನ್ನೂ ಶಾಲೆಯಲ್ಲಿದ್ದ ಕಾಲ. ನಮ್ಮ ಹತ್ತಿರ ಓದಿದ್ದ ಹುಡುಗನೊಬ್ಬ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸಕ್ಕಿದ್ದ. ವಯಸ್ಸು ಇಪ್ಪತ್ತು. ದಿನಗೂಲಿ 400 ರೂಪಾಯಿ. ಒಂದು ರಾತ್ರಿ ಕೊನೆಯ ಹೊರೆ ಕೊಡುವಾಗ ಬಲಗೈ ಗಾಣದೊಳಕ್ಕೆ ಹೋಯಿತು. ಕರೆಂಟಿನ ಗಾಣ, ನಿಲ್ಲಿಸುವ ಗುಂಡಿ ಆ ಕಡೆ ಗೋಡೆಯ ಮೇಲಿತ್ತು. ಪಕ್ಕದಲ್ಲಿದ್ದವನು ಓಡಿ ಹೋಗಿ ಒತ್ತುವಷ್ಟರಲ್ಲಿ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಹೋಗಿದ್ದವು.

ಮಾಲೀಕರು ಕೆಟ್ಟವರೇನಲ್ಲ. ಅವರೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದರು, ಅಲ್ಲಿನ ಖರ್ಚನ್ನೂ ಕೊಟ್ಟರು. ಹದಿನೈದು ದಿನದ ಮೇಲೆ ನಮಗೆ ಕರೆ ಬಂತು. "ಮೇಷ್ಟ್ರ ಅಕ್ಷರ ಮುದ್ದಾಗದೆ, ಒಂದು ಕಾಗದ ಬರ್ಕೊಡಿ" ಎಂದರು. ಜಗುಲಿಯ ಮೇಲೆ ಕೂತು ಬರೆದೆವು. "ತಮ್ಮ ಆಲೆಮನೆಯಲ್ಲಿ ಕೆಲಸ ಮಾಡುವಾಗ ನನ್ನ ಅಜಾಗರೂಕತೆಯಿಂದ ಗಾಯವಾಗಿದ್ದು, ತಾವು ದಯಮಾಡಿ ಕೊಟ್ಟ 25,000 ರೂಪಾಯಿಗಳನ್ನು ಸಂತೋಷದಿಂದ ಸ್ವೀಕರಿಸಿದ್ದೇನೆ, ಇನ್ನು ಮುಂದೆ ಯಾವ ಹಕ್ಕು ಬಾಧ್ಯತೆಯೂ ನನಗಿರುವುದಿಲ್ಲ" ಎಂದು. ಒಕ್ಕಣೆ ಅವರದು, ಅಕ್ಷರ ನಮ್ಮದು. 'ದಯಮಾಡಿ' ಎಂಬ ಮಾತನ್ನು ಮಾತ್ರ ನಾವೇ ಸೇರಿಸಿದೆವು, ಕಾಗದಕ್ಕೆ ಚೆಂದವಿರಲಿ ಎಂದು. ಹುಡುಗ ಎಡಗೈಯಲ್ಲಿ ರುಜು ಹಾಕಿದ. ಬಲಗೈಯಲ್ಲಿ ಸ್ಲೇಟಿನ ಮೇಲೆ ಬರೆಯಲು ಅವನಿಗೆ ಕಲಿಸಿದವರು ನಾವೇ. ಎರಡು ಪ್ರತಿ ಮಾಡಿದೆವು. ಒಂದು ಮಾಲೀಕರಿಗೆ, ಇನ್ನೊಂದನ್ನು ಅವನ ತಾಯಿ ರೇಷನ್ ಕಾರ್ಡಿನ ಜೊತೆಗೆ ಮಡಿಸಿ ಇಟ್ಟುಕೊಂಡರು.

ಆ ಹುಡುಗನಿಗೆ ಆಗ ಕಾಯ್ದೆಯ ಪ್ರಕಾರ ಎಷ್ಟು ಬರಬೇಕಿತ್ತು? ಲೆಕ್ಕ ಮಾಡೋಣ. ಲೆಕ್ಕದ ಪಾಠ ನಮಗೆ ಬಿಟ್ಟು ಹೋಗಿಲ್ಲ.

1923ರಲ್ಲಿ ಬಂದ ಕಾಯ್ದೆಯೊಂದಿದೆ. ಕೆಲಸದಲ್ಲಿ ಪೆಟ್ಟಾದವನಿಗೆ ಮಾಲೀಕ ಪರಿಹಾರ ಕೊಡಬೇಕು ಎನ್ನುವ ಕಾಯ್ದೆ. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಇಂಥ ಕಾಯ್ದೆ ದೇಶದಲ್ಲಿ ಇರಲಿಲ್ಲ; ಅಲ್ಲಿ ಕಲ್ಲು ಹೊತ್ತು ಕೈಕಾಲು ಕಳೆದುಕೊಂಡವರು ಯಾವ ಪಟ್ಟಿಯನ್ನು ತೋರಿಸಿ ಕೇಳಬಹುದಿತ್ತು? 1923ರ ಕಾಯ್ದೆಗೆ ಒಂದು ಪಟ್ಟಿ ಉಂಟು. ಯಾವ ಅಂಗ ಹೋದರೆ ಸಂಪಾದನೆಯ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಎಂದು ಅದರಲ್ಲಿ ಬರೆದಿದೆ. ಹೆಬ್ಬೆರಳು ಪೂರ್ತಿ ಹೋದರೆ 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರಬೆರಳೋ ಕಿರುಬೆರಳೋ ಆದರೆ 7. ಒಂದೇ ಕೈಯ ಎರಡು ಬೆರಳಿಗೆ 20, ಮೂರಕ್ಕೆ 30, ನಾಲ್ಕಕ್ಕೆ 50. ಎರಡೂ ಕೈ ಹೋದರೆ ನೂರಕ್ಕೆ ನೂರು. ಓದುವಾಗ ಮೈ ಜುಮ್ಮೆನ್ನುತ್ತದೆ. ಮನುಷ್ಯನ ಕೈಯನ್ನು ಬಾಳೆಗೊನೆಯ ಹಾಗೆ ಚಿಪ್ಪು ಚಿಪ್ಪಾಗಿ ಬಿಡಿಸಿ ಬೆಲೆ ಕಟ್ಟಿದ್ದಾರೆ. ಆದರೂ ಈ ಪಟ್ಟಿ ಇಲ್ಲದ ಕಾಲಕ್ಕಿಂತ ಇರುವ ಕಾಲ ಮೇಲು.

ಲೆಕ್ಕ ಹೀಗೆ. ತಿಂಗಳ ಕೂಲಿಯಲ್ಲಿ ನೂರಕ್ಕೆ 60 ಭಾಗ ತೆಗೆದುಕೊಳ್ಳಬೇಕು. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಇಪ್ಪತ್ತು ವರ್ಷಕ್ಕೆ ಆ ಅಂಕಿ 224, ಮೂವತ್ತಕ್ಕೆ 207.98, ನಲವತ್ತಕ್ಕೆ 184.17, ಐವತ್ತಕ್ಕೆ 153.09. ಹುಡುಗನ ಕೂಲಿ ತಿಂಗಳಿಗೆ 12,000. ಅದರ ನೂರಕ್ಕೆ 60 ಅಂದರೆ 7,200. 224ರಿಂದ ಗುಣಿಸಿದರೆ 16,12,800. ಮೂರು ಬೆರಳಿಗೆ ಅದರಲ್ಲಿ ನೂರಕ್ಕೆ 30. ಎಷ್ಟಾಯಿತು? ನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಎಂಟುನೂರ ನಲವತ್ತು ರೂಪಾಯಿ. ನಮ್ಮ ಮುದ್ದಾದ ಅಕ್ಷರದಲ್ಲಿ ಅದನ್ನು 25,000ಕ್ಕೆ ಇಳಿಸಿ ಬರೆದುಕೊಟ್ಟು ಬಂದಿದ್ದೆವು.

ಆಸ್ಪತ್ರೆಯ ಖರ್ಚು ಇದರಲ್ಲಿ ಸೇರುವುದಿಲ್ಲ. ಚಿಕಿತ್ಸೆಗೆ ಆದ ವೆಚ್ಚವನ್ನು ಮಾಲೀಕ ಬೇರೆಯಾಗಿ ಕೊಡಬೇಕೆಂದು 2009ರ ತಿದ್ದುಪಡಿಯಲ್ಲಿ ಬಂತು. ಹಾಗಾಗಿ "ಆಸ್ಪತ್ರೆಗೇ ಇಷ್ಟು ಸುರಿದಿದೀನಲ್ಲ" ಎನ್ನುವುದು ಪರಿಹಾರಕ್ಕೆ ಜವಾಬಲ್ಲ. ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಮಾತ್ರ ಒಂದು ಮಿತಿಯುಂಟು. 2020ರ ಜನವರಿಯಲ್ಲಿ ಅದನ್ನು ತಿಂಗಳಿಗೆ 8,000ದಿಂದ 15,000ಕ್ಕೆ ಏರಿಸಿದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. 1923ರ ಈ ಕಾಯ್ದೆಯೂ 1948ರ ಇ.ಎಸ್.ಐ. ಕಾಯ್ದೆಯೂ ಈಗ ಬೇರೆ ಬೇರೆಯಾಗಿ ಇಲ್ಲ. 2025ರ ನವೆಂಬರ್ 21ರಿಂದ ಅವುಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರ ಆಯುಕ್ತರು ಅನ್ನುತ್ತಿದ್ದ ಕಡೆ ಈಗ ಸಕ್ಷಮ ಪ್ರಾಧಿಕಾರ ಅನ್ನುತ್ತಾರೆ. ಗಾಯಗಳ ಪಟ್ಟಿಯೂ ಲೆಕ್ಕದ ಕ್ರಮವೂ ಹೆಚ್ಚುಕಡಿಮೆ ಹಾಗೆಯೇ ಮುಂದುವರಿದಿವೆ. "ಹಳೇ ಕಾಯ್ದೆ ಹೋಯ್ತು, ನಿಮ್ಮ ಹಕ್ಕೂ ಹೋಯ್ತು" ಎಂದು ಯಾವ ಗುಮಾಸ್ತರಾದರೂ ಅಂದರೆ ನಂಬಬೇಡಿ.

ಈ ಹಣಕ್ಕೆ ಯಾರು ಅರ್ಹರು? ಮೂರು ಸಂಗತಿ ಸಾಬೀತಾದರೆ ಸಾಕು. ನೀವು ಅವರ ಕೆಲಸಗಾರ ಎನ್ನುವುದು, ಕೆಲಸದ ದೆಸೆಯಿಂದ ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತು ಎನ್ನುವುದು, ಆ ಪೆಟ್ಟಿನಿಂದ ದುಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗಿತು ಎನ್ನುವುದು. ಇಲ್ಲಿನ ಸಕ್ಕರೆ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಯ ಕಾರ್ಖಾನೆ ಇಂಥ ದೊಡ್ಡವಕ್ಕೆ ಮಾತ್ರ ಇದು ಎಂದು ತಿಳಿದವರು ಬಹಳ ಜನ. ಹಾಗಲ್ಲ. ಕರೆಂಟಿನಿಂದ ಗಾಣ ಓಡಿಸುವ ಆಲೆಮನೆಯಲ್ಲಿ ನಾಲ್ಕೇ ಆಳಿದ್ದರೂ, ಶ್ರೀರಂಗಪಟ್ಟಣದ ಕಡೆಯ ಅಕ್ಕಿ ಗಿರಣಿಯಲ್ಲಿ ಮೂವರೇ ಇದ್ದರೂ, ನಾಗಮಂಗಲದ ಕಡೆ ತೆಂಗಿನ ನಾರು ಬಿಡಿಸುವ ಯಂತ್ರದ ಮುಂದೆ ಇಬ್ಬರೇ ನಿಂತಿದ್ದರೂ ಮಾಲೀಕನ ಹೊಣೆ ತಪ್ಪುವುದಿಲ್ಲ. ಗುತ್ತಿಗೆದಾರನ ಕೈಕೆಳಗಿನವರೂ ಅಷ್ಟೆ: ಮೂಲ ಮಾಲೀಕನನ್ನೇ ಕೇಳಬಹುದು, ಅವನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಆಲೆಮನೆಗಳಿಗೆ ಉತ್ತರದ ಕಡೆಯಿಂದ ದುಡಿಯಲು ಬಂದಿರುವ ಸೋದರರು ಊರಿಗೆ ಹೋಗಿಬಿಟ್ಟಿದ್ದರೆ ಅಲ್ಲಿಯೇ, ತಾವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ಅವರ ಭಾಷೆ ಬಲ್ಲವರು ಈ ಮಾತನ್ನು ಅವರಿಗೆ ಮುಟ್ಟಿಸಿ.

"ನೀನೇ ಕೈ ಹಾಕ್ದೆ, ನಿಂದೇ ತಪ್ಪು" ಎನ್ನುವ ಮಾತು ಎಲ್ಲ ಕಡೆಯೂ ಬರುತ್ತದೆ. ನಾವು ಬರೆದ 'ಅಜಾಗರೂಕತೆ'ಯ ಅರ್ಥವೂ ಅದೇ. ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಹನ್ನೆರಡು ಗಂಟೆ ಗಾಣದ ಮುಂದೆ ನಿಂತವನು ಒಂದು ಕ್ಷಣ ತೂಕಡಿಸುತ್ತಾನೆಂದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ಕುಡಿದ ಅಮಲಿನಲ್ಲಿದ್ದರೆ, ಸ್ಪಷ್ಟವಾಗಿ ಕೊಟ್ಟ ರಕ್ಷಣೆಯ ಆಜ್ಞೆಯನ್ನು ಬೇಕೆಂದೇ ಮೀರಿದರೆ, ರಕ್ಷಣೆಗೆ ಇಟ್ಟದ್ದನ್ನು ಬೇಕೆಂದೇ ಕಿತ್ತರೆ, ಅದರಿಂದಲೇ ಪೆಟ್ಟಾದರೆ ಮಾಲೀಕ ತಪ್ಪಿಸಿಕೊಳ್ಳಬಹುದು. ಸಾವಾದರೆ, ಪೂರ್ತಿ ಶಾಶ್ವತ ಅಂಗವಿಕಲತೆಯಾದರೆ ಆ ನೆಪಗಳೂ ನಡೆಯುವುದಿಲ್ಲ. ಗಾಣದ ಬಾಯಿಗೆ ಮೊದಲಿನಿಂದಲೂ ತಡಿಕೆಯೇ ಇಲ್ಲದಿದ್ದರೆ ಆಳು ಕಿತ್ತದ್ದು ಏನನ್ನು?

ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದರೆ? ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಬೆಳಗಿನ ಜಾವ ಮೂರರ ಪಾಳಿಗೆ ಮೋಟಾರು ಬೈಕಿನಲ್ಲಿ ಹೋಗುವಾಗ ದಾರಿಯಲ್ಲೇ ತೀರಿಕೊಂಡ. ಇಪ್ಪತ್ತೆರಡು ವರ್ಷದ ಮೇಲೆ, 2025ರ ಜುಲೈನಲ್ಲಿ, ಅದೂ ಕೆಲಸದ ಅಪಘಾತವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಕೆಲಸಕ್ಕೂ ಆ ಪ್ರಯಾಣಕ್ಕೂ ಹೊತ್ತಿನಲ್ಲಿ, ಜಾಗದಲ್ಲಿ, ಸಂದರ್ಭದಲ್ಲಿ ಸಂಬಂಧವಿರಬೇಕು, ಅಷ್ಟೆ. ಹೊಸ ಸಂಹಿತೆಯಲ್ಲಿ ಇದನ್ನು ಬರೆದೇ ಇದ್ದಾರೆ. ಪಾಳಿಯ ಮೇಲೆ ದುಡಿಯುವವರು ನೆನಪಿಡಿ.

ಈಗ ನಮ್ಮ ಮುಖ್ಯ ಮಾತಿಗೆ ಬಂದೆವು. ಪಟ್ಟಿಯಲ್ಲಿ ಮೂರು ಬೆರಳಿಗೆ 30 ಅಂತಿದೆ ಅಂದಮೇಲೆ ಮೂವತ್ತಕ್ಕೇ ಕೈಮುಗಿದು ಬರಬೇಕೇ?

ಒಡಿಶಾದಲ್ಲಿ ಒಬ್ಬ ಬಡಗಿ ಇದ್ದ. 1968ರ ಜುಲೈ 6ರಂದು ಸಿನಿಮಾ ಮಂದಿರದಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದವನು ಬಿದ್ದ. ಎಡಗೈಯನ್ನು ಮೊಣಕೈ ಹತ್ತಿರ ಕತ್ತರಿಸಬೇಕಾಯಿತು. ಹೋದದ್ದು ಒಂದು ಕೈ ಮಾತ್ರ, ಇದು ಪೂರ್ತಿ ಅಂಗವಿಕಲತೆ ಹೇಗಾದೀತು ಎಂದು ಮಾಲೀಕರ ವಾದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1975ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಹೇಳಿದ್ದು ಸರಳವಾದ ಮಾತು: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು. ಹಣ ಅಪಘಾತವಾದ ದಿನದಿಂದಲೇ ಬಾಕಿ, ಯಾರೋ ಆಜ್ಞೆ ಮಾಡಿದ ದಿನದಿಂದ ಅಲ್ಲ ಎಂದೂ ಹೇಳಿದರು. ವಕೀಲರ ಹತ್ತಿರ ಹೋಗುವವರು ಈ ಮೊಕದ್ದಮೆಯ ಹೆಸರು ಬರೆದುಕೊಳ್ಳಿ: ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ. 2008ರಲ್ಲಿ ಕಾಲು ಕಳೆದುಕೊಂಡ ಟ್ಯಾಂಕರ್ ಚಾಲಕನೊಬ್ಬನ ಮೊಕದ್ದಮೆಯಲ್ಲೂ ಇದೇ ದಾರಿ ಹಿಡಿದು ನೂರಕ್ಕೆ ನೂರು ಎಂದರು. ಕಾಲಿಲ್ಲದವನು ಲಾರಿ ಓಡಿಸುವುದು ಹೇಗೆ?

ಇದರ ಅರ್ಥ ಬಿಡಿಸಿ ಹೇಳುತ್ತೇವೆ. ಪಟ್ಟಿಯ ಅಂಕಿ ನೆಲ, ಸೂರು ಅಲ್ಲ. ಅಷ್ಟಂತೂ ಬರಲೇಬೇಕು. ಅದಕ್ಕಿಂತ ಹೆಚ್ಚು ಕೇಳುವಾಗ ನಾವು ತೋರಿಸಬೇಕಾದದ್ದು ಗಾಯವನ್ನಲ್ಲ, ಕೆಲಸವನ್ನು. ಕಿರುಬೆರಳು ಹೋದ ಕಾವಲುಗಾರ ಕಾವಲು ಕಾಯಬಹುದು. ಹೆಬ್ಬೆರಳು ಹೋದ ಫಿಟ್ಟರು ಸ್ಪ್ಯಾನರು ಹಿಡಿಯುವುದು ಹೇಗೆ? ಹಾಗಾಗಿ ಅರ್ಜಿಯಲ್ಲಿ "ಮೂರು ಬೆರಳು ಹೋಗಿವೆ" ಎಂದು ಬರೆದು ನಿಲ್ಲಿಸಬೇಡಿ. ಮೊದಲು ಏನು ಕೆಲಸ ಮಾಡುತ್ತಿದ್ದಿರಿ, ಆ ಕೆಲಸಕ್ಕೆ ಯಾವ ಹಿಡಿತ ಬೇಕು, ಈಗ ಏನು ಆಗುವುದಿಲ್ಲ, ಈಗ ಎಷ್ಟು ಸಂಪಾದನೆ, ಇವನ್ನು ಬರೆಯಿರಿ. ವೈದ್ಯರ ಮುಂದೆಯೂ ಇದನ್ನೇ ಹೇಳಿ. ಪಟ್ಟಿಯಲ್ಲಿ ಇಲ್ಲದ ಪೆಟ್ಟು, ಅಂದರೆ ಸೊಂಟ ಉಳುಕಿ ಮೂಟೆ ಎತ್ತಲಾರದೆ ಹೋದದ್ದು, ಮಣಿಕಟ್ಟು ಬಗ್ಗದೆ ಹೋದದ್ದು, ಅವಕ್ಕೂ ವೈದ್ಯರು ಶೇಕಡಾ ಹೇಳಬೇಕು. ಅಂಗ ಇದ್ದೂ ಪೂರ್ತಿ ಉಪಯೋಗಕ್ಕೆ ಬಾರದಿದ್ದರೆ ಹೋದಂತೆಯೇ ಲೆಕ್ಕ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚೀಟಿ ಈ ಶೇಕಡಾದ ಪತ್ರವಲ್ಲ. ಗಾಯ ಮಾಗಿದ ಮೇಲೆ ಬೇರೆ ಬರೆಸಬೇಕು.

ಇನ್ನೊಂದು ಗೊಂದಲ. "ನಲವತ್ತು ಪರ್ಸೆಂಟ್ ಇಲ್ಲ ಅಂದ್ರೆ ಏನೂ ಸಿಗಕ್ಕಿಲ್ಲ" ಎಂದು ನಾಗಮಂಗಲದಲ್ಲಿ ಒಬ್ಬ ಯುವಕ ನಮಗೇ ಪಾಠ ಹೇಳಿದ. ಆ ನಲವತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು, ಮೀಸಲಾತಿ ಮುಂತಾದವಕ್ಕೆ. ಕೆಲಸದ ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ 7ಕ್ಕೂ ಹಣ ಉಂಟು.

ಚೀಟಿಯಲ್ಲಿ ಇ.ಎಸ್.ಐ. ಹಣ ಹಿಡಿಯುತ್ತಿದ್ದರೆ ದಾರಿ ಬೇರೆ. ಆಗ ಮಾಲೀಕನಿಂದಲ್ಲ, ನಿಗಮದಿಂದ ಕೇಳಬೇಕು. ಎರಡೂ ಕಡೆ ಪಡೆಯುವಂತಿಲ್ಲ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರನ್ನು ಇದರೊಳಗೆ ತಂದರು. ಕಾಯಿಲೆಯ ಭತ್ಯಕ್ಕಾದರೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇದೆ. ಕೆಲಸದ ಪೆಟ್ಟಿಗೆ ಅದಿಲ್ಲ. ಸೇರಿದ ಮೊದಲ ದಿನವೇ ಕೈ ಹೋದರೂ ಹಕ್ಕು ಬರುತ್ತದೆ. ಗುಣವಾಗುವವರೆಗೆ ದಿನಗೂಲಿಯ ನೂರಕ್ಕೆ 90. ಆಮೇಲೆ ವೈದ್ಯಕೀಯ ಮಂಡಳಿ ಶೇಕಡಾ ಗೊತ್ತುಮಾಡುತ್ತದೆ; ಅದರಂತೆ ತಿಂಗಳು ತಿಂಗಳೂ, ಬದುಕಿರುವವರೆಗೆ. ದಿನಕ್ಕೆ 500 ಕೂಲಿಯವನಿಗೆ ಶೇಕಡಾ 30 ಎಂದಾದರೆ ದಿನಕ್ಕೆ 135 ರೂಪಾಯಿ. ಬೇರೆ ಕೆಲಸ ಸಿಕ್ಕಿ ಸಂಬಳ ಬಂದರೂ ಇದು ನಿಲ್ಲುವುದಿಲ್ಲ. ಮಂಡಳಿ ಕಡಿಮೆ ಹಾಕಿತು ಎನ್ನಿಸಿದರೆ ಮೇಲ್ಮನವಿಗೆ ದಾರಿಯಿದೆ. ಅವಧಿ ಚಿಕ್ಕದು, ತಡಮಾಡಬೇಡಿ.

ಸಣ್ಣ ವ್ಯಾಪಾರಿ ಬಂಧುಗಳು ಮುಖ ಸಣ್ಣಗೆ ಮಾಡಿಕೊಂಡಿದ್ದಾರೆ. ಹಿಟ್ಟಿನ ಗಿರಣಿ ಇಟ್ಟುಕೊಂಡು ಇಬ್ಬರು ಆಳು ಸಾಕುವವರು ನಾಲ್ಕೂ ಮುಕ್ಕಾಲು ಲಕ್ಷ ಎಲ್ಲಿಂದ ತರೋಣ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಜವಾಬು ವಿಮೆ. ಆಳುಗಳ ಪರಿಹಾರದ ಹೊಣೆಗೆಂದೇ ವಿಮಾ ಕಂಪನಿಗಳ ಪಾಲಿಸಿ ಉಂಟು. ಲಾರಿಗೆ ವಿಮೆ ಇಳಿಸುತ್ತೀರಿ, ಅಂಗಡಿಗೆ ಇಳಿಸುತ್ತೀರಿ. ಕರೆಂಟಿನ ಯಂತ್ರದ ಮುಂದೆ ನಿಲ್ಲುವವನಿಗೂ ಇಳಿಸಿ. ಆ ಆಲೆಮನೆಯ ಮಾಲೀಕರು ಅದನ್ನು ಮಾಡಿದ್ದರೆ ಜಗುಲಿಯ ಮೇಲೆ ಕೂತು ನಮ್ಮಿಂದ ಕಾಗದ ಬರೆಸುವ ಗತಿ ಅವರಿಗೂ ಬರುತ್ತಿರಲಿಲ್ಲ. ತಡಮಾಡಿದರೆ ಹೊಣೆ ಬೆಳೆಯುತ್ತದೆ ಎನ್ನುವುದೂ ತಿಳಿದಿರಲಿ: ಬಾಕಿಯಾದ ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಅರ್ಧದಷ್ಟರವರೆಗೆ ದಂಡ. ಇನ್ನು ನಿಮ್ಮ ಯಂತ್ರಕ್ಕೆ ನಿಮ್ಮದೇ ಕೈ ಸಿಕ್ಕಿದರೆ ಈ ಕಾಯ್ದೆಯಲ್ಲಿ ನಿಮಗೆ ಏನೂ ಇಲ್ಲ, ನಿಮಗೆ ನೀವೇ ಮಾಲೀಕರು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂದು ಕೇಳಿ. 2022ರಿಂದ ವರ್ಷಕ್ಕೆ 20 ರೂಪಾಯಿ ಮಾಡಿದರು. ಒಂದು ಕೈಯೋ ಪಾದವೋ ಕಣ್ಣೋ ಪೂರ್ತಿ ಹೋದರೆ ಒಂದು ಲಕ್ಷ. ಬೆರಳಿಗೆ ಅದು ಬಾರದು.

ಆ ಹುಡುಗನ ವಿಷಯ ಮುಗಿದಿಲ್ಲ. ಕಳೆದ ವರ್ಷ ಅವನ ಮನೆಗೆ ಹೋದೆವು. ಅಷ್ಟರಲ್ಲಿ ನಾವು ಶಾಲೆ ಬಿಟ್ಟು ಈ ಕೆಲಸಕ್ಕೆ ಬಂದಿದ್ದೆವು, ಕಾಯ್ದೆಯನ್ನೂ ಓದಿದ್ದೆವು. "ಹೋಗ್ಲಿ ಬುಡಿ ಮೇಷ್ಟ್ರೇ, ನೀವೇ ಬರ್ಕೊಟ್ರಲ್ಲ, ಸೈನ್ ಆಗೋಯ್ತಲ್ಲ" ಎಂದ. ನಮಗೆ ತಲೆ ಎತ್ತಲಾಗಲಿಲ್ಲ. ಆಸ್ಪತ್ರೆಯ ಚೀಟಿ ತರಿಸಿ ನೋಡಿದರೆ, "ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಗಾಯ" ಎಂದಿತ್ತು. ಜೊತೆಗೆ ಹೋಗಿದ್ದ ಮೇಸ್ತ್ರಿ ಹಾಗೆ ಬರೆಸಿದ್ದ, ಪೊಲೀಸು ಗಿಲೀಸು ಬೇಡವೆಂದು. ಆಲೆಮನೆಯಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಜೊತೆಯ ಆಳುಗಳು ಚದುರಿಹೋಗಿದ್ದರು. ಅವನು ಅಲ್ಲಿ ದುಡಿದ ಎನ್ನುವುದಕ್ಕೇ ಸಾಕ್ಷಿಯಿಲ್ಲ.

ಆಗ ಅವನ ತಾಯಿ ಟ್ರಂಕಿನಿಂದ ರೇಷನ್ ಕಾರ್ಡನ್ನೂ ಅದರ ಜೊತೆಯ ಕಾಗದವನ್ನೂ ತಂದರು. ನಮ್ಮದೇ ಅಕ್ಷರ. "ತಮ್ಮ ಆಲೆಮನೆಯಲ್ಲಿ ಕೆಲಸ ಮಾಡುವಾಗ." ಕೆಳಗೆ ತಾರೀಖು, ಮಾಲೀಕರ ರುಜು, ಇಬ್ಬರು ಸಾಕ್ಷಿಗಳು. ಕಾಯ್ದೆ ಹೇಳುತ್ತದೆ: ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಕೆಲಸಗಾರ ಮಾಡಿಕೊಂಡ ಕರಾರು, ಬಿಟ್ಟುಕೊಟ್ಟ ಆ ಮಟ್ಟಿಗೆ, ಶೂನ್ಯ. ರಾಜಿ ಮಾಡಿಕೊಳ್ಳಬೇಕಾದರೆ ಅದನ್ನು ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು, ಮೊತ್ತ ಸಾಲದೆಂದು ಕಂಡರೆ ಅವರು ನೋಂದಾಯಿಸದೆ ತಿರುಗಿಸಬಹುದು. ಹಾಗಾಗಿ "ಯಾವ ಹಕ್ಕು ಬಾಧ್ಯತೆಯೂ ಇಲ್ಲ" ಎಂದು ನಾವು ಬರೆದ ಸಾಲು ನಿಲ್ಲುವುದಿಲ್ಲ. "ತಮ್ಮ ಆಲೆಮನೆಯಲ್ಲಿ" ಎಂಬ ಸಾಲು ನಿಲ್ಲುತ್ತದೆ. ನೋಟೀಸು ಕೊಟ್ಟಿರಲಿಲ್ಲ ಎನ್ನುವ ತಕರಾರಿಗೂ ಅದೇ ಜವಾಬು: ಅಪಘಾತ ಮಾಲೀಕರಿಗೆ ಗೊತ್ತಿತ್ತು, ಅವರೇ ರುಜು ಹಾಕಿದ್ದಾರೆ.

ತೊಡಕು ಒಂದೇ. ಅರ್ಜಿಗೆ ಅಪಘಾತದಿಂದ ಎರಡು ವರ್ಷ ಅವಧಿ. ಅದು ದಾಟಿತ್ತು. ಸಾಕಾದ ಕಾರಣ ತೋರಿಸಿದರೆ ತಡವನ್ನು ಮನ್ನಿಸಬಹುದು. ಕಾರಣವೆಂದು ಬರೆದದ್ದು ನಿಜವನ್ನೇ: ಹಕ್ಕು ಮುಗಿಯಿತೆಂದು ಅವನ ಮೇಷ್ಟರೇ ಅವನಿಗೆ ಬರೆದುಕೊಟ್ಟಿದ್ದರು. ಸಾಕ್ಷಿಗೆ ಕರೆದರೆ ನಾವು ಹೋಗಿ ಹೇಳುತ್ತೇವೆ. ಅರ್ಜಿ ವಿಚಾರಣೆಯಲ್ಲಿದೆ.

ಆದ್ದರಿಂದ ಪೆಟ್ಟಾದ ದಿನವೇ ಮಾಡಬೇಕಾದ್ದು ಸ್ವಲ್ಪ ಉಂಟು. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿ ಬರೆಸಿ. ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಮೇಸ್ತ್ರಿಯೊಬ್ಬನನ್ನೇ ಕಳಿಸದೆ ಜೊತೆಗಾರರೊಬ್ಬರು ಹೋಗಿ. ಮಾಲೀಕನಿಗೆ ಒಂದು ಕಾಗದ ಬರೆದು ನಕಲು ಇಟ್ಟುಕೊಳ್ಳಿ. ಬಟವಾಡೆಯ ಚೀಟಿಯೋ, ಫೋನಿಗೆ ಬಂದ ಕೂಲಿಯ ಹಣದ ಲೆಕ್ಕವೋ, ಏನಿದ್ದರೂ ಅಳಿಸಬೇಡಿ. ಬಿಳಿ ಹಾಳೆಗೆ ರುಜು ಹಾಕಬೇಡಿ. ಮಾಲೀಕರು ಹಣ ಕೊಟ್ಟರೆ ಬೇಡವೆನ್ನಬೇಕಿಲ್ಲ, ಮನೆಯಲ್ಲಿ ಒಲೆ ಉರಿಯಬೇಕಲ್ಲ. ಪಡೆದ ಮೊತ್ತ ಇಷ್ಟು, ಪರಿಹಾರದ ಬಾಬ್ತು ಮುಂಗಡ ಎಂದು ಬರೆದು ಪಡೆಯಿರಿ.

ಇಲ್ಲಿ ಕೂತಿರುವವರಲ್ಲಿ ಮೊಂಡು ಬೆರಳಿನವರು ಏಳು ಜನರನ್ನು ನಾವು ಎಣಿಸಿದೆವು. ಯಾರ ಹೆಸರನ್ನೂ ಹೇಳುವುದಿಲ್ಲ. ಸಭೆ ಮುಗಿದ ಮೇಲೆ ನಾವು ಇಲ್ಲೇ ಮೇಜಿನ ಹತ್ತಿರ ಇರುತ್ತೇವೆ. ಪೆಟ್ಟಾದ ತಾರೀಖು, ಆಗಿನ ವಯಸ್ಸು, ಆಗಿನ ಕೂಲಿ, ಈ ಮೂರನ್ನು ಹೇಳಿ. ಎರಡು ವರ್ಷ ಆಗದೆ ಇರುವವರು ಮೊದಲು ಬನ್ನಿ.